ಕರಿ ಗಾಜಿನ ಮುಂದೆ ಅರ್ಧ ನಿಮಿಷ

ನನ್ನ ಕ್ಯಾಮೆರಾ ಚೀಲದಲ್ಲಿ ಪ್ರತಿಯೊಂದು ವಸ್ತುವಿಗೂ ಅದರದೇ ಜಾಗವಿದೆ. ಕಣ್ಣು ಮುಚ್ಚಿ ಕೈ ಹಾಕಿದರೂ ಬೇಕಾದದ್ದೇ ಸಿಗಬೇಕು. ಇದು ಫೌಜಿನಲ್ಲಿ ಕಲಿತ ಪಾಠ. ನಿವೃತ್ತಿಯಾಗಿ ಗೋಕಾಕಕ್ಕೆ ಬಂದು ನೆಲೆಸಿದ ಮೇಲೂ ಬಿಟ್ಟಿಲ್ಲ. ಬೆಳಿಗ್ಗೆ ಏಳುವುದು, ಹಾಸಿಗೆ ಮಡಚುವುದು, ಗಡ್ಡ ಹೆರೆಯುವುದು, ವಾಕಿಂಗ್ ಹೋಗಿ ಬರುವುದು, ರಾತ್ರಿ ಮಲಗುವ ಮುನ್ನ ಬೂಟು ಒರೆಸಿ ಮೂಲೆಗಿಡುವುದು, ಎಲ್ಲವೂ ಒಂದರ ಹಿಂದೆ ಒಂದು. ನನ್ನ ಹೆಂಡತಿ ಇದಕ್ಕೆ ಪರೇಡ್ ಎಂದು ಹೆಸರಿಟ್ಟಿದ್ದಾಳೆ. "ಪರೇಡ್ ಮುಗೀತೇನ್ರಿ? ಚಾ ಆರಾಕತ್ತೈತಿ" ಎಂದು ಅಡುಗೆಮನೆಯಿಂದ ಕೂಗುತ್ತಾಳೆ.

ಆ ಚೀಲದ ಎಡಬದಿಯ ಕಿಸೆಯಲ್ಲಿ ಒಂದು ದುಂಡು ಡಬ್ಬಿ ಇದೆ. ಅದರಲ್ಲಿರುವುದು ಎನ್.ಡಿ. ಫಿಲ್ಟರ್. ಕ್ಯಾಮೆರಾದ ಕಣ್ಣಿಗೆ ತಿರುಗಿಸಿ ಕೂರಿಸುವ ಒಂದು ಕರಿ ಗಾಜು, ಅಷ್ಟೇ. ಅದು ಬಣ್ಣ ಬದಲಿಸುವುದಿಲ್ಲ, ಒಳಗೆ ಬರುವ ಬೆಳಕನ್ನು ಮಾತ್ರ ಎಲ್ಲ ಕಡೆಗೂ ಸಮನಾಗಿ ಕಡಿಮೆ ಮಾಡುತ್ತದೆ. ಹೀಗೆ ಬೆಳಕು ಕಡಿಮೆಯಾದರೆ, ನಡು ಹಗಲಲ್ಲೂ ಕ್ಯಾಮೆರಾದ ಬಾಗಿಲನ್ನು ಅರ್ಧ ನಿಮಿಷ ತೆರೆದಿಡಬಹುದು. ಆ ಅರ್ಧ ನಿಮಿಷದಲ್ಲಿ ಯಾವುದು ನಿಂತಿರುತ್ತದೋ ಅದು ಸ್ಪಷ್ಟವಾಗಿ ಮೂಡುತ್ತದೆ. ಯಾವುದು ಚಲಿಸುತ್ತದೋ ಅದು ಹೊಗೆಯಾಗುತ್ತದೆ, ಇಲ್ಲವೇ ಕಾಣದೇ ಹೋಗುತ್ತದೆ.

ನಾನು ಇದನ್ನು ಮೊದಲು ಬಳಸಿದ್ದು ಗೋಕಾಕ ಫಾಲ್ಸಿನಲ್ಲಿ. ಮಳೆಗಾಲದ ಕೆಂಪು ನೀರು ಚಿತ್ರದಲ್ಲಿ ಇಳಿಬಿಟ್ಟ ಬಟ್ಟೆಯ ಹಾಗೆ ಬಂದಿತ್ತು. ಅಂದು ತೂಗುಸೇತುವೆಯ ಮೇಲೆ ಜನವೋ ಜನ. ಚಿತ್ರದಲ್ಲಿ ಮಾತ್ರ ಸೇತುವೆ ಖಾಲಿ.

ಹೆಂಡತಿ ನೋಡಿ ಕೇಳಿದಳು, "ಮಂದಿ ಎಲ್ಲಿ ಹೋದ್ರು?"

"ನಡಿಯೋರು ಕಾಣಂಗಿಲ್ಲ. ನಿಂತೋರಷ್ಟ ಕಾಣತಾರ."

"ಹಂಗಾರ ನನ್ನ ತಗದ್ರ ಏನೂ ಕಾಣಂಗಿಲ್ಲ ಬಿಡ್ರಿ. ಈ ಮನ್ಯಾಗ ನಾ ಯಾವತ್ತ ನಿಂತೇನಿ?"

ಮಾತು ತಮಾಷೆಯದು, ಆದರೆ ನಿಜ. ಅವಳ ಕೈ ಸುಮ್ಮನಿದ್ದದ್ದನ್ನು ನಾನು ನೋಡಿರಲಿಲ್ಲ. ಟಿ.ವಿ. ಮುಂದೆ ಕುಳಿತರೂ ಮೊರದಲ್ಲಿ ಶೇಂಗಾ ಇರುತ್ತಿತ್ತು. ಬಸ್ಸಿನಲ್ಲಿ ಸೆರಗಿನ ತುದಿಯನ್ನು ಸುತ್ತುತ್ತ ಬಿಚ್ಚುತ್ತ ಇರುತ್ತಿದ್ದಳು. ಇತ್ತೀಚೆಗೆ ಅದು ಹೆಚ್ಚಾಗಿತ್ತು. ಮಗಳು ಬಸಿರಾದ ಸಂಭ್ರಮ ಇರಬೇಕು ಎಂದುಕೊಂಡಿದ್ದೆ. ಹುಕ್ಕೇರಿಗೆ ಕೊಟ್ಟ ನಮ್ಮ ಒಬ್ಬಳೇ ಮಗಳು ಮದುವೆಯಾಗಿ ಬಹಳ ವರ್ಷಗಳ ಮೇಲೆ ಬಸಿರಾಗಿದ್ದಳು. ಕುಬಸ, ಅಂದರೆ ಸೀಮಂತ, ಮುಗಿಸಿ ಹೆರಿಗೆಗೆ ನಮ್ಮಲ್ಲಿಗೆ ಬರುವವಳಿದ್ದಳು. ಹೆಂಡತಿಗೆ ಬೇರೆ ಮಾತೇ ಇರಲಿಲ್ಲ. ಹಳೆಯ ಹತ್ತಿ ಸೀರೆ ಹರಿದು ಮೆತ್ತನೆಯ ತುಂಡು ಮಾಡಿಟ್ಟಳು. ಕೂಸಿಗೆ ಎರೆಯುವ ಮಣೆಯನ್ನು ಅಟ್ಟದಿಂದ ಇಳಿಸಿ ತಿಕ್ಕಿ ಬಿಸಿಲಿಗಿಟ್ಟಳು. ನಮ್ಮ ಕಡೆ ಕೂಸಿಗೆ ಎರೆಯುವುದು ಅಜ್ಜಿಯ ಹಕ್ಕು. ಮಣೆಯ ಮೇಲೆ ಕುಳಿತು, ಕಾಲು ನೀಡಿ, ಕಾಲ ಮೇಲೆ ಕೂಸನ್ನು ಮಲಗಿಸಿ, ಎಣ್ಣೆ ತಿಕ್ಕಿ, ಕಾದ ನೀರು ಹೊಯ್ಯಬೇಕು.

ನಾವಿಬ್ಬರೂ ಕುರಿ ಕಾಯುವ ಮನೆತನದವರು. ನಮ್ಮಪ್ಪ ಕುರಿ ಬಿಟ್ಟು ಮಿಲ್ಲಿಗೆ ಸೇರಿದ, ನಾನು ಫೌಜಿಗೆ ಸೇರಿದೆ. ಅವಳ ತವರಿನವರು ಬಿಟ್ಟಿಲ್ಲ. ಮೂಡಲಗಿಯ ಆಚೆ ಅವಳ ತಮ್ಮ ಇವತ್ತಿಗೂ ಕುರಿ ಮೇಯಿಸುತ್ತಾನೆ. ಕಬ್ಬು ಕಡಿದ ಮೇಲೆ ಹೊಲದವರು ಅವನನ್ನು ಕರೆಸಿ ಕುರಿಗಳನ್ನು ರಾತ್ರಿ ಅಲ್ಲೇ ತಂಗಿಸುತ್ತಾರೆ, ಹೊಲಕ್ಕೆ ಗೊಬ್ಬರವಾಗಲಿ ಎಂದು. ಅವನು ಕೋಲಿಗೆ ಗದ್ದ ಊರಿ, ಒಂದು ಕಾಲನ್ನು ಇನ್ನೊಂದರ ಮೊಣಕಾಲಿಗೆ ಆನಿಸಿ ನಿಂತನೆಂದರೆ ಹಕ್ಕಿ ಬಂದು ಹೆಗಲ ಮೇಲೆ ಕೂರಬೇಕು. ನಾನು ಎಷ್ಟೋ ಹುಡುಗರಿಗೆ ಅಲುಗದೆ ಸಾವಧಾನ್ ನಿಲ್ಲುವುದನ್ನು ಕಲಿಸಿದ್ದೇನೆ, ಅವನಂತೆ ನಿಂತವರನ್ನು ಕಂಡಿಲ್ಲ.

ನನಗೊಂದು ಆಸೆ ಇತ್ತು. ಅಕ್ಕ ತಮ್ಮ ಇಬ್ಬರೂ ಹೊಲದ ನಡುವೆ ನಿಲ್ಲಬೇಕು; ಸುತ್ತ ಕುರಿ ಹಿಂಡು ಹಾದುಹೋಗಬೇಕು; ಹಿಂಡು ಹೊಳೆಯಂತೆ ಹರಿಯಬೇಕು, ಇವರಿಬ್ಬರು ಹೊಳೆಯೊಳಗಿನ ಬಂಡೆಗಳಂತೆ ಗಟ್ಟಿಯಾಗಿ ಕಾಣಬೇಕು. ಕರಿ ಗಾಜು ಇದ್ದರೆ ಮಾತ್ರ ಆಗುವ ಚಿತ್ರ.

ಒಂದು ದಿನ ಮೂಡಲಗಿಗೆ ಹೋದೆವು. ನನ್ನ ಕೆಲಸಕ್ಕೆ ಒಂದು ಕ್ರಮವಿದೆ. ಮೊದಲು ಕ್ಯಾಮೆರಾ ಕೂರಿಸುವ ಮುಕ್ಕಾಲಿ. ಆಮೇಲೆ ಚೌಕಟ್ಟು ನೋಡುವುದು, ಫೋಕಸ್ ಹಿಡಿಯುವುದು, ಹಿಡಿದ ಫೋಕಸನ್ನು ಕದಲದಂತೆ ಕಟ್ಟಿಹಾಕುವುದು. ಎಲ್ಲಕ್ಕಿಂತ ಕೊನೆಗೆ ಕರಿ ಗಾಜು. ಅದನ್ನು ಮೊದಲೇ ಹಾಕಿದರೆ ಕ್ಯಾಮೆರಾಕ್ಕೂ ಕತ್ತಲೆ, ನಮಗೂ ಕತ್ತಲೆ. ಎಲ್ಲ ಮುಗಿಸಿ ಅವರ ಕಡೆ ನೋಡಿದೆ. ತಮ್ಮ ಕೋಲು ಊರಿ ನಿಂತಿದ್ದ. ಅವಳೂ ಒಂದು ಕೋಲು ಹಿಡಿದಿದ್ದಳು.

"ನಿನಗ ಕೋಲು ಬ್ಯಾಡ. ಕೈ ಇಳಿಬಿಡು, ನೆಟ್ಟಗ ನಿಲ್ಲು" ಎಂದೆ.

"ಕೋಲು ಇರ್ಲಿ ಬಿಡ್ರಿ, ಚಂದ ಕಾಣತೈತಿ."

"ಇಬ್ಬರ ಕೈಯಾಗೂ ಕೋಲಿದ್ರ ನಾಟಕದ ಕಂಪನಿ ಕಂಡಂಗಾಕ್ಕೈತಿ."

ತಮ್ಮ ನಕ್ಕು, "ಅಕ್ಕಾ, ಸಾಹೇಬ್ರ ಆರ್ಡರ್ ಆತು, ಬಿಡು" ಎಂದು ಅವಳ ಕೋಲು ಇಸಿದುಕೊಂಡ. ಅವಳು ಸೆರಗು ಸರಿಮಾಡಿದಳು, ಮತ್ತೆ ಸರಿಮಾಡಿದಳು, ಕೊನೆಗೆ ಕೈ ಇಳಿಬಿಟ್ಟಳು. ನಾಯಿ ಹಿಂಡನ್ನು ಎಬ್ಬಿಸಿತು. ನಾನು ಗುಂಡಿ ಒತ್ತಿ ಗಡಿಯಾರ ನೋಡುತ್ತ ನಿಂತೆ. ಗಡಿಯಾರ ನೋಡುವುದು ನನ್ನ ಪದ್ಧತಿ, ಎದುರಿಗಿರುವವರನ್ನು ನೋಡುವುದಿಲ್ಲ.

ಕ್ಯಾಮೆರಾದ ಪರದೆಯ ಮೇಲೆ ಚಿತ್ರ ಬಂತು. ಹಿಂಡು ನಾನು ಬಯಸಿದಂತೆಯೇ ಕರಿ ಬಿಳಿ ಹೊಳೆಯಾಗಿತ್ತು. ತಮ್ಮ ಕಲ್ಲಿನಲ್ಲಿ ಕಡೆದಂತಿದ್ದ. ಅವಳ ಮುಖ, ಮೂಗುಬೊಟ್ಟು, ಸೀರೆಯ ಅಂಚು ಎಲ್ಲ ಸ್ಪಷ್ಟ. ಬಲಗೈ ಮಾತ್ರ ಇರಲಿಲ್ಲ. ಬಳೆಗಳಿಂದ ಕೆಳಗೆ ಒಂದು ಮಬ್ಬು, ಊದಿನಕಡ್ಡಿಯ ಹೊಗೆಯ ಹಾಗೆ.

"ಕೈ ಅಲುಗಾಡಿಸಿದಿ" ಎಂದೆ.

"ಇಲ್ರಿ."

"ಮತ್ತೊಮ್ಮಿ ನಿಲ್ಲು."

ಮತ್ತೆ ಅದೇ ಆಯಿತು. ನನಗೆ ಸಿಟ್ಟು ಬಂತು, ಆದರೆ ಗಾಜಿನ ಮೇಲೆ. ಬೆರಳಿನ ಜಿಡ್ಡು ಹತ್ತಿರಬೇಕು ಎಂದು ಒರೆಸಿದೆ. ಮುಕ್ಕಾಲಿ ಮಣ್ಣಿನಲ್ಲಿ ಕುಸಿದಿರಬೇಕು ಎಂದು ಕಲ್ಲು ಕೊಟ್ಟು ಭದ್ರ ಮಾಡಿದೆ. ಕೊನೆಗೆ ಅವಳು ನಿಂತ ಜಾಗದಲ್ಲೇ ಅವಳ ಕೋಲನ್ನು ನೆಟ್ಟು ಅದರ ಚಿತ್ರ ತೆಗೆದೆ. ಕೋಲಿನ ಗಂಟುಗಳೂ ಎಣಿಸುವಷ್ಟು ಸ್ಪಷ್ಟವಾಗಿ ಬಂದವು. ಗಾಜಿನಲ್ಲಿ ದೋಷವಿರಲಿಲ್ಲ.

ಅವಳು ಅಷ್ಟರಲ್ಲಿ ದೂರ ಹೋಗಿ ಒಲೆಗೆ ಕಡ್ಡಿ ಮುರಿಯುತ್ತಿದ್ದಳು. ತಮ್ಮ ನನ್ನ ಪಕ್ಕಕ್ಕೆ ಬಂದು ಪರದೆಯೊಳಗೆ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ನಗುವವನು ನಗಲಿಲ್ಲ.

"ಮಾವಾರ, ಇದು ನಮ್ಮಪ್ಪನ ಕೈರಿ" ಎಂದ.

"ಅಂದ್ರ?"

"ಅಪ್ಪಗೂ ಹಿಂಗ ಇತ್ರಿ. ಕೆಲಸ ಮಾಡೂ ಮುಂದ ಏನೂ ಇಲ್ಲ. ಸುಮ್ನ ಕುಂತಾಗ ಬೆರಳು ಶುರುವಾಗ್ತಿದ್ದು, ಬೀಡಿ ಸುತ್ತಿದಂಗ. ಗಾಳಿ ಬಡದೈತಿ ಅಂದ್ರು. ದೇವರಿಗಿ ಒಯ್ದ್ರು. ಮುಂದ..."

ಅವಳು ಒಲೆಯ ಬಳಿಯಿಂದಲೇ ಕೂಗಿದಳು, "ಏನ್ ಅಂತಿ ಮಾವಗ? ಗಾಳಿಗಿ ಸೆರಗು ಹಾರೈತಿ, ಅಷ್ಟ. ಕುರಿ ನೋಡಹೋಗು!"

ಅಂದು ಗಾಳಿ ಇರಲಿಲ್ಲ.

ಮನೆಗೆ ಬಂದ ಮೇಲೆ ನಾನು ಅವಳ ಕೈ ನೋಡತೊಡಗಿದೆ. ನೋಡುತ್ತಿದ್ದೇನೆಂದು ಅವಳಿಗೆ ತಿಳಿಯಿತು, ಕೆಲಸ ಇನ್ನಷ್ಟು ಹೆಚ್ಚಿಸಿದಳು. ತಿಕ್ಕಿದ ಪಾತ್ರೆಯನ್ನೇ ಮತ್ತೆ ತಿಕ್ಕಿದಳು. ರೊಟ್ಟಿ ಬಡಿಯುವ ಕೈಯಲ್ಲಿ ನಡುಕದ ಸುಳಿವಿಲ್ಲ. ತಟ್ಟಿ ಮುಗಿಸಿ, ಹಿಟ್ಟು ತೊಳೆದು, ಸೆರಗಿಗೆ ಒರೆಸಿಕೊಳ್ಳುವವರೆಗೂ ಇಲ್ಲ. ಆಮೇಲೆ ಆ ಕೈ ಸೆರಗಿನೊಳಗೆ ಹೋಗುತ್ತಿತ್ತು. ಸೆರಗಿನ ಕೆಳಗೆ ಏನೋ ಒಂದು ಸಣ್ಣ ಜೀವ ಮಿಸುಕಾಡಿದಂತೆ ಕಾಣುತ್ತಿತ್ತು. ಒಂದೇ ಸೂರಿನ ಕೆಳಗೆ, ಇಷ್ಟು ಶಿಸ್ತಿನ ಕಣ್ಣಿಟ್ಟುಕೊಂಡು, ನಾನು ಅದನ್ನು ಕಂಡಿರಲಿಲ್ಲ. ಅದು ಕಾಣಬೇಕಾದರೆ ಅವಳು ಸುಮ್ಮನೆ ನಿಲ್ಲಬೇಕಿತ್ತು.

"ದವಾಖಾನಿಗಿ ಹೋಗೂಣು" ಎಂದೆ.

"ಯಾಕ? ನನಗೇನಾಗೈತಿ?"

"ಏನಾಗೈತಿ ಅಂತ ಕೇಳಾಕ."

"ಕೂಸು ಹುಟ್ಟಲಿ. ಎರದು ಪರದು ದೊಡ್ಡದು ಮಾಡಿ ಹುಕ್ಕೇರಿಗಿ ಕಳಿಸಿ, ಆಮ್ಯಾಲ ಎಲ್ಲಿಗಿ ಅಂತೀರಿ ಅಲ್ಲಿಗಿ ಬರ್ತೀನಿ."

ಆಗ ನನಗೆ ಅರ್ಥವಾಯಿತು. ರೋಗಕ್ಕೆ ಹೆಸರು ಬಂದರೆ ಕೂಸು ಅವಳ ಕೈಗೆ ಬರುವುದಿಲ್ಲ. ಕೈ ನಡುಗುವ ಮುದುಕಿಯ ಕಾಲ ಮೇಲೆ ಎಣ್ಣೆ ಹಚ್ಚಿದ ಎಳೆಗೂಸನ್ನು ಯಾರು ಮಲಗಿಸುತ್ತಾರೆ? ಅದಕ್ಕೇ ಬಚ್ಚಿಟ್ಟಿದ್ದಳು. ಕೆಲಸದಲ್ಲಿದ್ದಾಗ ಕೈ ನಿಲ್ಲುತ್ತದೆ, ಎರೆಯುವುದೂ ಕೆಲಸವೇ, ಯಾರಿಗೂ ತಿಳಿಯದಂತೆ ಮುಗಿಸಿಬಿಡಬಹುದು ಎಂಬುದು ಅವಳ ಲೆಕ್ಕ.

ನಾನು ಬಿಡಲಿಲ್ಲ. ಅವಳೂ ಬಿಡಲಿಲ್ಲ. ಒಂದು ಸಂಜೆ ನಾನು ದನಿ ಏರಿಸಿದಾಗ ಮೊರವನ್ನು ಕೆಳಗಿಟ್ಟು, ಬಲಗೈಯನ್ನು ತೊಡೆಯ ಮೇಲೆ ತೆರೆದಿಟ್ಟಳು. ಹೆಬ್ಬೆರಳು, ತೋರುಬೆರಳು ಒಂದನ್ನೊಂದು ಉಜ್ಜುತ್ತ ಅಲುಗಿದವು.

"ನೋಡ್ರಿ, ಚಂದಂಗ ನೋಡ್ರಿ. ಈ ನಡಗೂದಕ್ಕ ನಾ ಅಂಜಂಗಿಲ್ಲ. ನಮ್ಮಪ್ಪ ನಡಗಕೋತನs ಕುರಿ ಕಾದಾನ. ನಡಗೂದು ಬಿಟ್ಟು ಮೈ ಸೆಟದ ಮ್ಯಾಲ ಹಟ್ಟಿ ಕಂಬದಂಗಾದ. ಕುಂದರಿಸಿದಲ್ಲೆ ಕುಂತ. ಮಾರಿ ಮ್ಯಾಲ ನೊಣ ಕುಂತ್ರ ಹೊಡಕೊಳ್ಳಾಕ ಆಗ್ತಿದ್ದಿಲ್ಲ. ಅವಗ ನಾನs ಉಣಿಸೇನಿ. ನನಗ ಗೊತ್ತೈತಿ ಇದು ಎಲ್ಲಿಗಿ ಹೋಗತೈತಿ ಅಂತ. ಅದಕ್ಕs ಹೇಳಾಕತ್ತೇನಿ, ಅದು ಬರೂದ್ರೊಳಗ ಒಂದ್ ಕೂಸಿಗಿ ಎರೀತೀನಿ."

ಆ ರಾತ್ರಿ ನಾನು ಬೂಟು ಒರೆಸದೆ ಮಲಗಿದೆ.

ಬೆಳಿಗ್ಗೆ ಚಹಾ ಕುಡಿಯುವಾಗ ನಾನು ಒಂದೇ ಮಾತು ಹೇಳಿದೆ. "ನಿಮ್ಮಪ್ಪನ್ನ ದೇವರಿಗಿ ಒಯ್ದ್ರು, ದವಾಖಾನಿಗಿ ಒಯ್ಲಿಲ್ಲ. ಅಷ್ಟ ಫರಕ್ ಮಾಡೂಣು." ಅವಳು ಬಟ್ಟಲು ತೊಳೆದಿಟ್ಟಳು. ಆಮೇಲೆ ಒಳಗೆ ಹೋಗಿ ಹೊರಗೆ ಹೋಗುವಾಗ ಉಡುವ ಸೀರೆ ಉಟ್ಟುಕೊಂಡು ಬಂದಳು.

ಬೆಳಗಾವಿಯಿಂದ ವಾರಕ್ಕೊಮ್ಮೆ ಗೋಕಾಕಕ್ಕೆ ಬರುವ ನರರೋಗದ ಡಾಕ್ಟರು ಅವಳನ್ನು ನಡೆಸಿ ನೋಡಿದರು, ಬೆರಳು ಬಡಿಸಿ ನೋಡಿದರು, ಮಣಿಕಟ್ಟನ್ನು ಹಿಡಿದು ತಿರುವಿ ನೋಡಿದರು. ನಾನು ಕ್ಯಾಮೆರಾದ ಚಿತ್ರ ತೋರಿಸಿದೆ. ಇಂಥದ್ದನ್ನು ಯಾರೂ ತಂದು ತೋರಿಸಿರಲಿಲ್ಲ ಎಂದರು. ಪಾರ್ಕಿನ್ಸನ್ ಎಂದು ಹೆಸರು ಹೇಳಿ, "ಬೇರು ಸಮೇತ ಹೋಗೂದಲ್ರಿ ಇದು. ಗುಳಿಗಿಯಿಂದ ಹತೋಟ್ಯಾಗ ಇಡಬಹುದು. ವರ್ಷಗಟ್ಟಲೆ ಇಡಬಹುದು. ಆದ್ರ ಹೊತ್ತು ತಪ್ಪಬಾರದು" ಎಂದರು.

"ಹೊತ್ತಿನ ಚಿಂತಿ ಬ್ಯಾಡ್ರಿ. ನಮ್ಮ ಮನ್ಯಾಗ ಗಡಿಯಾರನs ಐತಿ" ಎಂದು ಅವಳು ನನ್ನ ಕಡೆ ಕೈ ತೋರಿದಳು. ಡಾಕ್ಟರು ನಕ್ಕರು. ನನಗೆ ನಗಲಾಗಲಿಲ್ಲ. ಎದ್ದು ಬರುವಾಗ ಅವಳು ಬಾಗಿಲಲ್ಲಿ ನಿಂತು ಕೇಳಿದಳು, "ಕೂಸಿಗಿ ಎರೀಬಹುದೇನ್ರಿ?"

"ಎರೀರಿ. ಒಬ್ಬರು ಬಾಜೂಕ ಇರ್ಲಿ."

ಮಗಳಿಗೆ ಹೇಳಲೇಬೇಕು ಎಂದು ನಾನು ಹಟ ಹಿಡಿದೆ. ಹುಕ್ಕೇರಿಗೆ ಹೋದೆವು. ಹೆಂಡತಿಯೇ ಹೇಳಿದಳು, ನನಗೆ ಬಾಯಿ ಹಾಕಲು ಬಿಡಲಿಲ್ಲ. ಮಗಳು ತಾಯಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಅತ್ತಳು. ಆದರೆ ಎರೆಯುವ ಮಾತು ಬಂದಾಗ ತನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ನೋಡೂಣಂತ ಯವ್ವಾ" ಎಂದಳು. ಬೀಗಿತ್ತಿ ಒಳ್ಳೆಯ ಹೆಂಗಸು, ಒಳ್ಳೆಯ ಮನಸ್ಸಿನಿಂದಲೇ, "ನಮ್ಮ ಓಣ್ಯಾಗ ಕೂಸಿಗಿ ಎರಿಯಾಕೀ ಒಬ್ಬಾಕಿ ಅದಾಳ್ರಿ, ಬೇಕಾದ್ರ ಗೋಕಾಕಕ್ಕ ಕಳಸೂಣು" ಎಂದಳು. ನನ್ನ ಹೆಂಡತಿ ತಲೆಯಾಡಿಸಿದಳು. ಬರುವಾಗ ಬಸ್ಸಿನಲ್ಲಿ ಸೆರಗು ಸುತ್ತಲಿಲ್ಲ, ಬಿಚ್ಚಲಿಲ್ಲ. ಕೈ ತೊಡೆಯ ಮೇಲೆ ತನ್ನಷ್ಟಕ್ಕೆ ಅಲುಗುತ್ತಿತ್ತು. ಮನೆಗೆ ಬಂದು, ತಿಕ್ಕಿಟ್ಟ ಮಣೆಯನ್ನು ಮತ್ತೆ ಅಟ್ಟಕ್ಕೆ ಏರಿಸಿದಳು.

ಗುಳಿಗೆ ಶುರುವಾಯಿತು. ನನ್ನ ಕೈಗಡಿಯಾರಕ್ಕೆ ಅಲಾರಂ ಇಟ್ಟೆ. ಊಟಕ್ಕೆ ಮೊದಲು ಇಷ್ಟು, ಸಂಜೆ ಇಷ್ಟು, ತಪ್ಪಲಿಲ್ಲ. ಬದುಕಿಡೀ ಕಲಿತ ಶಿಸ್ತು ಇದೊಂದು ಕೆಲಸಕ್ಕೆ ಬಂತು. ಮೊದಮೊದಲು ಅವಳಿಗೆ ಹೊಟ್ಟೆ ತೊಳಸುತ್ತಿತ್ತು, ಡಾಕ್ಟರು ಅಳತೆ ಬದಲಿಸಿದರು. ನಡುಕ ಒಂದು ದಿನ ಕಡಿಮೆ ಅನಿಸುತ್ತಿತ್ತು, ಮರುದಿನ ಮೊದಲಿನಂತೆಯೇ ಅನಿಸುತ್ತಿತ್ತು. ನನ್ನ ಕಣ್ಣನ್ನೇ ನಾನು ನಂಬದಾದೆ. ಅವಳು ನಿದ್ದೆ ಹೋದಾಗ ಕೈ ತಣ್ಣಗೆ ಬಿದ್ದಿರುತ್ತಿತ್ತು. ಅದನ್ನು ನೋಡಿದರೆ ಸಮಾಧಾನವಾಗುವ ಬದಲು ಅವಳ ತಂದೆಯ ನೆನಪಾಗುತ್ತಿತ್ತು.

ಕುಬಸ ಮುಗಿದು ಮಗಳು ಗೋಕಾಕಕ್ಕೆ ಬಂದಳು. ಒಂದು ದಿನ, ಹೆರಿಗೆಗೆ ಮೊದಲು ಮಾಮಾನ ಕುರಿಮರಿಗಳನ್ನು ನೋಡಬೇಕು ಎಂದಳು. ಕಾರು ಮಾಡಿಕೊಂಡು ಮೂಡಲಗಿಗೆ ಹೋದೆವು. ನಾವು ಹೋದ ಹೊತ್ತಿಗೆ ಒಂದು ಕುರಿ ಈದಿತ್ತು. ಚೊಚ್ಚಲ ಕುರಿ, ಮರಿಯನ್ನು ನೆಕ್ಕದೆ ದೂರ ಸರಿಯುತ್ತಿತ್ತು. ಮರಿ ಒದ್ದೆ ಮೈಯಲ್ಲಿ ನಡುಗುತ್ತ ಬಿದ್ದಿತ್ತು.

"ಅಕ್ಕಾ, ಬಾ ಇಲ್ಲಿ. ನನ್ನ ಕೈ ಒರಟು" ಎಂದ ತಮ್ಮ.

ಅವಳು ನೆಲದ ಮೇಲೆ ಕುಳಿತು ಕಾಲು ನೀಡಿದಳು. ಮರಿಯನ್ನು ಕಾಲ ಮೇಲೆ ಅಡ್ಡ ಮಲಗಿಸಿಕೊಂಡು, ಕಂಬಳಿಯ ತುಂಡಿನಿಂದ ಮೂಗು ಒರೆಸಿದಳು, ಬಾಯಿಯ ಲೋಳೆ ತೆಗೆದಳು, ಬೆನ್ನು ಉಜ್ಜಿದಳು. ಮರಿ ಜಾರಿದಂತೆಲ್ಲ ಅಂಗೈಯಲ್ಲಿ ಆತುಕೊಂಡಳು. ಬಲಗೈ ಎಲ್ಲೂ ತಪ್ಪಲಿಲ್ಲ. ಮಗಳು ಮುಕ್ಕಾಲಿ ಹಿಡಿದುಕೊಂಡು ನನ್ನ ಪಕ್ಕ ನಿಂತಿದ್ದಳು. ಮುಕ್ಕಾಲಿಯನ್ನು ನನ್ನ ಕೈಗೆ ಕೊಟ್ಟು ತಾಯಿಯ ಹತ್ತಿರ ಹೋದಳು.

"ಕಿವಿ ಹಿಂದ ಹಂಗs ಬಿಟ್ಟಿ ನೋಡಬೇ" ಎಂದಳು.

"ಅತ್ತಿ ಆಗಾಕತ್ತೀಯೇನ ನನಗ? ನಿನಗ ಎರದಾಕಿ ನಾನs."

"ನನ್ನ ಕೂಸಿಗೂ ನೀನs ಎರಿ. ಆದ್ರ ಬಾಜೂಕ ನಾ ಕುಂದರತೇನಿ. ತಂಬಿಗಿ ನನ್ನ ಕೈಯಾಗ."

"ಕುಂದರು, ಯಾರ್ ಬ್ಯಾಡ ಅಂದ್ರು? ನೀನೂ ಕಲೀಬೇಕಲ್ಲ" ಎಂದಳು ಅವಳು, ತಲೆ ಎತ್ತದೆ. ಮರಿಯನ್ನು ತಾಯಿಕುರಿಯ ಮುಂದೆ ಬಿಟ್ಟಳು. ಕೆಲಸ ಮುಗಿದ ಕೈ ತೊಡೆಯ ಮೇಲೆ ಬಂದು ಕುಳಿತಿತು, ಬೆರಳುಗಳು ಶುರುವಾದವು. ಮಗಳು ನೋಡಿದಳು. ಹೆಂಡತಿ ಈ ಸಲ ಸೆರಗು ಹೊದಿಸಲಿಲ್ಲ.

"ಏನ್ರಿ, ಆ ಕರಿ ಗಾಜು ತಂದೀರೇನು? ಒಂದ್ ಫೋಟೋ ತಗೀರಿ. ಗುಳಿಗಿ ಎಷ್ಟ್ ಕೆಲಸ ಮಾಡ್ಯಾವ ನೋಡೂಣು."

ನನಗೆ ಬೇಡವಾಗಿತ್ತು. ಕಣ್ಣಿಗೆ ಮೋಸ ಮಾಡಬಹುದು, ಆ ಗಾಜಿಗೆ ಮಾಡಲಾಗುವುದಿಲ್ಲ. ಗಾಜು ತೆಗೆದು ಬರಿ ಕ್ಯಾಮೆರಾದಲ್ಲಿ ತೆಗೆದರೆ ಕ್ಷಣಾರ್ಧದ ಚಿತ್ರ, ಎಂಥ ನಡುಗುವ ಕೈಯೂ ಸ್ಪಷ್ಟವಾಗಿ ಬರುತ್ತದೆ. ಹಾಗೆ ತೆಗೆಯುತ್ತೇನೆ ಎಂದೆ.

"ಅದು ಬ್ಯಾಡ. ಅದು ಮದುವಿ ಫೋಟೋ. ಕರಿ ಗಾಜು ಹಾಕ್ರಿ. ನೀವೂ ಬಂದು ನಿಲ್ರಿ, ಯಾವಾಗ ನೋಡಿದ್ರೂ ಗಡಿಯಾರ ನೋಡಕೋತ ನಿಲ್ಲೂದಾತು."

ಕ್ರಮ ತಪ್ಪದೆ ಎಲ್ಲ ಮಾಡಿದೆ. ಮುಕ್ಕಾಲಿ, ಚೌಕಟ್ಟು, ಫೋಕಸ್, ಕೊನೆಗೆ ಗಾಜು. ಕ್ಯಾಮೆರಾಕ್ಕೆ ತಾನೇ ಶುರು ಮಾಡಿಕೊಳ್ಳಲು ಹೇಳಿ, ಎದ್ದು ಕೈ ಇಳಿಬಿಟ್ಟು ನಿಂತಿದ್ದ ಅವಳ ಬಲಕ್ಕೆ ಹೋಗಿ ನಿಂತೆ. ಎಡಕ್ಕೆ ಮಗಳು ಕಾರಿನಲ್ಲಿ ತಂದಿದ್ದ ಮಡಚುವ ಕುರ್ಚಿಯಲ್ಲಿ ಕುಳಿತಿದ್ದಳು. ತಮ್ಮ ನಾಯಿಗೆ ಸಿಳ್ಳೆ ಹಾಕಿದ. ಹಿಂಡು ನಮ್ಮ ಎರಡೂ ಬದಿಯಿಂದ ಹಾದುಹೋಯಿತು.

ಚಿತ್ರ ನೋಡಲು ನಾಲ್ವರೂ ಬಗ್ಗಿದೆವು. ಅವಳ ಕೈಯ ಹೊಗೆ ಹೋಗಿರಲಿಲ್ಲ, ತೆಳುವಾಗಿತ್ತು. ಮೊದಲು ಬಳೆಯಿಂದ ಕೆಳಗೆ ಏನೂ ಇರಲಿಲ್ಲ. ಈಗ ಅಂಗೈ ಇತ್ತು, ಬೆರಳುಗಳ ಜಾಗದಲ್ಲಿ ಮಬ್ಬು ಉಳಿದಿತ್ತು. ಇದು ಇಲ್ಲಿಯೇ ನಿಲ್ಲುತ್ತದೆ ಎಂದು ಯಾರೂ ಹೇಳಲಾರರು. ಡಾಕ್ಟರೂ ಹೇಳಿಲ್ಲ.

ಅವಳು ಬೆರಳಿನಿಂದ ಪರದೆ ಮುಟ್ಟಿ, "ಇದ್ಯಾರಿದು?" ಎಂದಳು.

ಅವಳ ಬಲಕ್ಕೆ ನಿಂತವನಿಗೆ ಎರಡು ಮುಖಗಳಿದ್ದವು. ಒಂದು ಕ್ಯಾಮೆರಾದ ಕಡೆಗೆ, ಮಸುಕಾಗಿ. ಇನ್ನೊಂದು ಕೆಳಗೆ, ಅವಳ ಕೈಯ ಕಡೆಗೆ. ನಾನು ತಿರುಗಿದ್ದು ನನಗೇ ತಿಳಿದಿರಲಿಲ್ಲ.

ತಮ್ಮ ಬಿದ್ದು ಬಿದ್ದು ನಕ್ಕ. "ಮಾವಾರ, ನಮ್ಮ ಅಕ್ಕ ನಿಂತಾಳ, ಬಸಿರಿ ಅಲುಗದ ಕುಂತಾಳ, ಫೌಜಿನ ಮನಿಶ್ಯಾ ಅಲುಗ್ಯಾಡ್ಯಾನ!"

"ಪರೇಡ್ ಕೆಡಿಸಿದ್ರಿ ನೋಡ್ರಿ" ಎಂದಳು ಅವಳು.

ಅಷ್ಟರಲ್ಲಿ ನನ್ನ ಕೈಗಡಿಯಾರ ಕೂಗಿತು. ಗುಳಿಗೆಯ ಹೊತ್ತು. ಕಾರಿನಲ್ಲಿದ್ದ ನೀರಿನ ಬಾಟಲಿ ತರಲು ಹೋದೆ.